ಎಚ್ಚಿಂಗ್ ದ್ರಾವಣ ಚೆಲ್ಲದೆ ಬೋರ್ಡ್ ಮಾಡುವುದು: ನನ್ನ ಅನುಭವ

ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡಿನ ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸುವುದೇ ಎಚ್ಚಿಂಗ್. ಅದಕ್ಕೆ ಸಾಮಾನ್ಯವಾಗಿ ಬಳಸುವ ಫೆರಿಕ್ ಕ್ಲೋರೈಡ್ ಬಿಟ್ಟು ಒಂದೂವರೆ ವರ್ಷ ಆಗಿರಬೇಕು. ಆಸಿಡ್ ಹಾಕಿ ಮನೆಯಲ್ಲೇ ಮಾಡಿದ ಒಂದೇ ಲೀಟರ್ ಕ್ಯುಪ್ರಿಕ್ ಕ್ಲೋರೈಡ್ ದ್ರಾವಣದಲ್ಲಿ ಎಲ್ಲ ಬೋರ್ಡೂ ಆಗುತ್ತಿದೆ. ಮೋರಿಗೆ ಒಂದು ಹನಿಯೂ ಹೋಗಿಲ್ಲ. "ಮನೇಲಿ ಆಸಿಡ್ ಯಾಕ್ ಸಾರ್, ಸುಮ್ನೆ ಫೆರಿಕ್ಕೇ ತಗೊಳ್ಳಿ" ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನ ಅಂಗಡಿಯವರು ನಕ್ಕಿದ್ದರು. ಗೆಳೆಯರೂ ನಂಬಿರಲಿಲ್ಲ. ಈಗ ಅವರೇ ಕೇಳುತ್ತಿದ್ದಾರೆ.

ಹಳೇ ಫೆರಿಕ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಎಬ್ಬಿಸಲು ನೋಡಿದ್ದೆ. ಸ್ವಲ್ಪ ಹೊತ್ತು ಚುರುಕಾಗಿ, ಆಮೇಲೆ ತಳದಲ್ಲಿ ತುಕ್ಕುಬಣ್ಣದ ಬಗ್ಗಡ ಕೂತಿತು. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅಡುಗೆ ಉಪ್ಪು, ಪೆರಾಕ್ಸೈಡ್ ಸೇರಿಸಿಯೂ ಆಯಿತು. ವಾಸನೆ ಇಲ್ಲ, ಕೆಲಸವೂ ಆಗುತ್ತದೆ. ಆದರೆ ಪ್ರತಿ ಸಲ ಹೊಸ ಪೆರಾಕ್ಸೈಡ್ ಬೇಕು, ಜೇಬಿಗೆ ಕತ್ತರಿ. ಉಳಿದ ನೀಲಿ ನೀರಿಗೆ ವಾಷಿಂಗ್ ಸೋಡಾ ಹಾಕಿದರೂ ತಾಮ್ರ ಸರಿಯಾಗಿ ಇಳಿಯಲ್ಲ, ಸಿಟ್ರಿಕ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕೊನೆಗೆ ಕೈಹಿಡಿದದ್ದು ಕ್ಯುಪ್ರಿಕ್ ಕ್ಲೋರೈಡ್. ಶುರುವಿಗೆ ಮಾತ್ರ 3% ಪೆರಾಕ್ಸೈಡ್ ಎರಡು ಪಾಲು, ಅದರ ಮೇಲೆ ನಿಧಾನಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಪಾಲು. ಇದರಲ್ಲಿ ತಾಮ್ರ ಕರಗುತ್ತಾ ಹೋದಂತೆ ಕ್ಯುಪ್ರಿಕ್ ಕ್ಲೋರೈಡ್ ಆಗುತ್ತದೆ. ಮೆಡಿಕಲ್ ಶಾಪಿನ ಬಾಟಲಿ 6% ಇದ್ದರೆ ಮೊದಲು ಅಷ್ಟೇ ನೀರು ಬೆರೆಸಿ. ಗಟ್ಟಿ ಪೆರಾಕ್ಸೈಡ್ ಸುರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಆಸಿಡ್ ಕೊಳ್ಳಲು ಹೋಗುವಾಗ ಗುರುತಿನ ಚೀಟಿ ಇರಲಿ. 2013ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಅಂಗಡಿಯವರು ಹೆಸರು, ಕಾರಣ ಬರೆದುಕೊಳ್ಳಬೇಕು.

ಮುಂದೆ ಪೆರಾಕ್ಸೈಡ್ ಬೇಕಿಲ್ಲ. ಸೋತ ದ್ರಾವಣವನ್ನು ಮತ್ತೆ ಚುರುಕು ಮಾಡಲು ಗಾಳಿಯೇ ಸಾಕು, ಇದನ್ನೇ ಯಾರೂ ನಂಬದಿದ್ದದ್ದು! ಬೋರ್ಡ್ ಇಳಿಬಿಟ್ಟರೆ ತಾಮ್ರದಿಂದ ಕಂದು ಎಳೆಗಳು ಹೊಗೆಯ ಹಾಗೆ ಕೆಳಗಿಳಿಯುತ್ತವೆ. ಮೀನಿನ ತೊಟ್ಟಿಯ ಪಂಪು ಹಾಕಿದರೆ ಗುಳ್ಳೆ ಏಳುವ ಕಡೆಯಿಂದ ಮತ್ತೆ ಪಚ್ಚೆ ಹಸಿರು ಹರಡುತ್ತದೆ. ಎಷ್ಟು ಹೊತ್ತು ಗುಳ್ಳೆ ಬಿಟ್ಟರೂ ಕಂದು ಹೋಗದಿದ್ದರೆ ಆಸಿಡ್ ಕಡಿಮೆಯಾಗಿದೆ ಅಂತ ಅರ್ಥ. ಒಂದೇ ಬದಿಗೆ ತಾಮ್ರವಿರುವ ಮಾಮೂಲಿ 10×15 ಸೆಂ.ಮೀ. ಬೋರ್ಡಿನಲ್ಲಿ ಸುಮಾರು ನಾಲ್ಕೂವರೆ ಗ್ರಾಂ ತಾಮ್ರ. ಅದರಲ್ಲಿ ಮೂರು ಗ್ರಾಂ ಕರಗಿದರೆ ಸುಮಾರು 10 ಎಂಎಲ್ ಆಸಿಡ್ ಹಾಕುತ್ತೇನೆ.

ಖರ್ಚು? ನಾನು ಕೊಂಡಾಗ ಪಂಪಿಗೆ 250 ರೂಪಾಯಿ ಆಗಿರಬೇಕು, ಆಸಿಡ್, ಪೆರಾಕ್ಸೈಡ್, ಡಬ್ಬಿ ಎಲ್ಲ ಸೇರಿ 500ರ ಆಸುಪಾಸು ಆಗಿತ್ತು. ಫೆರಿಕ್‌ಗೆ ಅಷ್ಟು ಮೂರು ತಿಂಗಳಲ್ಲೇ ಹೋಗುತ್ತಿತ್ತು. ಲೆಕ್ಕಕ್ಕೆ ಬಾರದ ಖರ್ಚು ತುಕ್ಕಿನದು. ಪಂಪು ಓಡುವಾಗ ಆಸಿಡ್ ಆವಿ ಬರುತ್ತದೆ, ಹತ್ತಿರದ ಡ್ರಿಲ್ ಬಿಟ್‌ಗಳೆಲ್ಲ ಕೆಂಪಾದವು. ಈಗ ಕೆಲಸ ತಾರಸಿಯಲ್ಲಿ. ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಬಿಗಿಯಬೇಡಿ, ಪೆರಾಕ್ಸೈಡ್ ಉಳಿದಿದ್ದರೆ ಗಾಳಿ ತುಂಬಿ ಸಿಡಿಯುತ್ತದೆ.

ತಾಮ್ರ ಹೆಚ್ಚಾದಂತೆ ದ್ರಾವಣ ಭಾರವಾಗುತ್ತದೆ. ಅಡುಗೆಮನೆ ತಕ್ಕಡಿಯಂಥದ್ದನ್ನೇ ಇದಕ್ಕೆಂದು ಬೇರೆ ಇಟ್ಟಿದ್ದೇನೆ. 100 ಎಂಎಲ್ ತೂಕ 125 ಗ್ರಾಂ ದಾಟಿದರೆ ಒಂದಷ್ಟು ತೆಗೆದು ನೀರು, ಆಸಿಡ್ ಸೇರಿಸುತ್ತೇನೆ. ತೆಗೆದದ್ದಕ್ಕೆ ಒಮ್ಮೆ ಪಾತ್ರೆ ಉಜ್ಜುವ ಸ್ಟೀಲ್ ವುಲ್ ಹಾಕಿ ನೋಡಿದೆ. ಕೆಂಪು ತಾಮ್ರದ ಪುಡಿ ಬಿದ್ದಿತು, ನೋಡಲು ಚೆಂದ. ಆದರೆ ಕಬ್ಬಿಣದ ಉಪ್ಪು ನೀರಲ್ಲೇ ಉಳಿಯಿತು, ಜಲಜನಕ ಅನಿಲ ಬೇರೆ ಎದ್ದಿತು, ಅದು ಹತ್ತಿಕೊಳ್ಳುತ್ತದೆ. ಬೆಂಕಿ ಹತ್ತಿರ ಇರಬಾರದು. ಅಲ್ಯೂಮಿನಿಯಂ ಅಂತೂ ಮುಟ್ಟಲೇಬೇಡಿ, ಕುದಿದು ಉಕ್ಕುತ್ತದೆ.

ಈಗ ತೆಗೆದ ದ್ರಾವಣಕ್ಕೆ ವಾಷಿಂಗ್ ಸೋಡಾವನ್ನೇ ಚಮಚ ಚಮಚವಾಗಿ ಹಾಕುತ್ತೇನೆ. ನೊರೆ ಜೋರು, ಅದಕ್ಕೇ ದೊಡ್ಡ ಬಕೆಟ್. ಹುಳಿ-ಕ್ಷಾರ ಅಳೆಯುವ ಪಿಎಚ್ ಪೇಪರ್ 8–9 ತೋರಿಸುವ ಹೊತ್ತಿಗೆ ನೀಲಿ-ಹಸಿರು ಬಗ್ಗಡ ತಳಕ್ಕಿಳಿಯುತ್ತದೆ. ಮೇಲಿನ ನೀರು ಕಣ್ಣಿಗೆ ತಿಳಿ, ಆದರೂ ಮೋರಿಗೆ ಬಿಡಲ್ಲ. ಕಾರ್ಖಾನೆಗಳಿಗೇ ತಾಮ್ರದ ಮಿತಿ ಲೀಟರಿಗೆ 3 ಮಿಲಿಗ್ರಾಂ, ಅಷ್ಟನ್ನು ಕಣ್ಣಲ್ಲಿ ಅಳೆಯಲು ಆಗುತ್ತದಾ? ಅಗಲ ತಟ್ಟೆಯಲ್ಲಿ, ಕಾಗೆ ಬಾಯಿ ಹಾಕದಂತೆ ಬಲೆ ಮುಚ್ಚಿ, ಬಿಸಿಲಿಗೆ ಇಡುತ್ತೇನೆ. ಒಣಗಿದ್ದು ಚೀಟಿ ಅಂಟಿಸಿದ ಡಬ್ಬಿಗೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪ್ಲೇಟಿಂಗ್ (ಲೋಹಲೇಪನ) ಮಾಡುವ ಪರಿಚಯದವರೊಬ್ಬರು ತಮ್ಮ ಕಾರ್ಖಾನೆಯ ಸ್ಲಡ್ಜ್ (ತ್ಯಾಜ್ಯದ ಬಗ್ಗಡ) ಜೊತೆ ಕಳಿಸುತ್ತೇನೆ ಅಂದಿದ್ದಾರೆ, ಡಬ್ಬಿ ಇನ್ನೂ ಅರ್ಧವೂ ತುಂಬಿಲ್ಲ. ಬೋರ್ಡ್ ತೊಳೆದ ಮೊದಲ ನೀರನ್ನೂ ಚೆಲ್ಲಬೇಡಿ, ಗುಳ್ಳೆಗೆ ಆವಿಯಾದ ನೀರಿನ ಜಾಗಕ್ಕೆ ಅದನ್ನೇ ಹಾಕಿ.