ಮರೆತುಹೋದ ಕಾದಂಬರಿಕಾರ್ತಿಯ ಜಾಡು ಹಿಡಿಯುವುದು ಹೇಗೆ?

19ನೇ ಶತಮಾನದ ಅಮೆರಿಕದ ಲೇಖಕಿಯೊಬ್ಬಳ ಬದುಕನ್ನು ಹುಡುಕುವುದಾದರೆ, ಮೊದಲು ಪುಸ್ತಕದ ಶೀರ್ಷಿಕೆ ಪುಟ ಮಗುಚಿ ಹಿಂಬದಿ ಓದಿ. 1870ಕ್ಕೆ ಮುಂಚೆ ಕಾಪಿರೈಟ್ ನೋಂದಣಿ ಆಗುತ್ತಿದ್ದುದು ಆಯಾ ಜಿಲ್ಲೆಯ ಫೆಡರಲ್ ಕೋರ್ಟಿನ ಗುಮಾಸ್ತರ ಕಚೇರಿಯಲ್ಲಿ. ಅದರ ವರ್ಷ, ನೋಂದಾಯಿಸಿದವರ ಹೆಸರು, ಜಿಲ್ಲೆ ಎಲ್ಲವೂ ಪುಟದ ಆ ಹಿಂಬದಿಯಲ್ಲಿ ಅಚ್ಚಾಗಿರುತ್ತವೆ. 1859ರಲ್ಲಿ ಬಾಸ್ಟನ್ನಿನಲ್ಲಿ ಹೊರಬಂದ ‘ಅವರ್ ನಿಗ್’ ಕಾದಂಬರಿಯ ಶೀರ್ಷಿಕೆ ಪುಟದಲ್ಲಿ ಲೇಖಕಿಯ ನಿಜ ಹೆಸರಿಲ್ಲ. ಹಿಂಬದಿಯಲ್ಲಿ ‘ಮಿಸೆಸ್ ಎಚ್. ಇ. ವಿಲ್ಸನ್’ ಎಂದಿದೆ.

ಹೆಸರು ಸಿಕ್ಕ ಮೇಲೆ ಜನಗಣತಿ. ಮನೆಯ ಯಜಮಾನನದ್ದಷ್ಟೇ ಅಲ್ಲದೆ, ಗುಲಾಮರಲ್ಲದ ಎಲ್ಲರ ಹೆಸರು ಬರೆಯತೊಡಗಿದ್ದು 1850ರಲ್ಲಿ. 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷವೂ ಉಂಟು. 1890ರ ಹಾಳೆಗಳು ಮಾತ್ರ 1921ರಲ್ಲಿ ವಾಷಿಂಗ್ಟನ್ನಿನ ಬೆಂಕಿಯಲ್ಲಿ ಬಹುಪಾಲು ಹಾಳಾದವು. 1880ರಿಂದ 1900ರ ಗಣತಿಯವರೆಗಿನ ಆ ಇಪ್ಪತ್ತು ವರ್ಷದ ಕಂದಕವನ್ನು ನಗರದ ಡೈರೆಕ್ಟರಿಗಳಿಂದ, ಅಂದರೆ ನಿವಾಸಿಗಳ ಹೆಸರು, ವಿಳಾಸಗಳ ಪಟ್ಟಿಗಳಿಂದ, ತುಂಬಿಕೊಳ್ಳಬೇಕು. ಗಂಡ ಬದುಕಿರುವವರೆಗೆ ಹೆಂಡತಿಯ ಹೆಸರು ಅವುಗಳಲ್ಲಿ ಸಿಗುವುದು ಅಪರೂಪ. ‘ಇಂಥವರ ವಿಧವೆ’ ಎಂಬ ಸಾಲು ಸಿಕ್ಕರೆ ಅದೃಷ್ಟ.

ಅವಳ ಜಾಡೇ ತಪ್ಪಿದರೆ ಮಕ್ಕಳನ್ನು ಹುಡುಕಿ. ‘ಅವರ್ ನಿಗ್’ ಬರೆದ ಆ ಮಿಸೆಸ್ ವಿಲ್ಸನ್, ಅಂದರೆ ಹ್ಯಾರಿಯೆಟ್ ವಿಲ್ಸನ್, ತನ್ನನ್ನೂ ಮಗುವನ್ನೂ ಸಾಕಲು ಬರೆದೆನೆಂದು ಮುನ್ನುಡಿಯಲ್ಲಿ ಹೇಳಿದ್ದಳು. ಬರೆದವರು ಬಿಳಿಯರೇ ಇರಬೇಕೆಂದು ಅನೇಕರು ನಂಬಿದ್ದರು. ಸಾಹಿತ್ಯ ವಿದ್ವಾಂಸ ಹೆನ್ರಿ ಲೂಯಿಸ್ ಗೇಟ್ಸ್ ಕೈಗೆ ಸಿಕ್ಕಿದ್ದು ಆ ಮಗುವಿನ, ಜಾರ್ಜ್ ಮೇಸನ್ ವಿಲ್ಸನ್‌ನ, 1860ರ ಮರಣ ದಾಖಲೆ. ಅದರಲ್ಲಿ ಬಣ್ಣ ‘ಕಪ್ಪು’ ಎಂದಿತ್ತು. ತಾಯಿ ಕಪ್ಪು ಮಹಿಳೆ ಎಂಬುದಕ್ಕೆ ಅದೇ ಗಟ್ಟಿ ಆಧಾರವಾಯಿತು. 1983ರಲ್ಲಿ ಕಾದಂಬರಿ ಮರುಮುದ್ರಣವಾಯಿತು. ಮುಂದೆ ಬೇರೆ ಸಂಶೋಧಕರು ಅವಳನ್ನು ಬಾಸ್ಟನ್ನಿನ ಪ್ರೇತವಾದಿಗಳ (ಸತ್ತವರ ಆತ್ಮಗಳೊಡನೆ ಮಾತಾಡಬಹುದೆಂದು ನಂಬುವವರ) ಪತ್ರಿಕೆಗಳಲ್ಲಿ ಕಂಡರು. ಅವಳು ತೀರಿಕೊಂಡದ್ದು 1900ರಲ್ಲಿ, ಬಾಸ್ಟನ್ ಬಳಿಯ ಕ್ವಿನ್ಸಿಯಲ್ಲಿ.

ಕೃತಿಗಳ ಪಟ್ಟಿ ಮಾಡುವಾಗ ಪುಸ್ತಕಗಳನ್ನಷ್ಟೇ ನಂಬಬೇಡಿ. ರೆಬೆಕಾ ಹಾರ್ಡಿಂಗ್ ಡೇವಿಸ್‌ಳ ‘ಲೈಫ್ ಇನ್ ದಿ ಐರನ್ ಮಿಲ್ಸ್’ 1861ರ ಏಪ್ರಿಲ್‌ನ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಹೆಸರಿಲ್ಲದೆ ಬಂದಿತ್ತು. ಮೇರಿ ಮರ್ಫ್ರೀ ಬರೆದದ್ದು ಚಾರ್ಲ್ಸ್ ಎಗ್ಬರ್ಟ್ ಕ್ರಾಡಕ್ ಎಂಬ ಗಂಡಸಿನ ಹೆಸರಲ್ಲಿ. ತವರಿನ ಹೆಸರು, ಗಂಡನ ಹೆಸರು, ಕಾವ್ಯನಾಮ, ಬರೀ ಇನಿಷಿಯಲ್ ಎಲ್ಲವನ್ನೂ ಬೇರೆಬೇರೆಯಾಗಿ ಹುಡುಕಿ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಪತ್ರಿಕೆಗಳು ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಆದರೆ ಸ್ಕ್ಯಾನ್ ಮಸುಕಾಗಿದ್ದರೆ ಕಂಪ್ಯೂಟರ್ ಅಕ್ಷರ ತಪ್ಪಾಗಿ ಓದಿರುತ್ತದೆ. ಆಗ ಹೆಸರಿನ ಬದಲು ಊರು, ಕಾದಂಬರಿಯ ಹೆಸರು ಹಾಕಿ ನೋಡಿ.

ಎಡವುವುದು ಹೆಚ್ಚಾಗಿ ಒಂದೇ ಹೆಸರಿನವರ ವಿಷಯದಲ್ಲಿ. ವಿಲ್ಸನ್‌ಗಳಿಗೆ ಬರವೇ? ವಯಸ್ಸೊಂದೇ ಹೊಂದಿದರೆ ಸಾಲದು, ಗಣತಿದಾರರು ಅದನ್ನು ಅಂದಾಜಿಗೆ ಬರೆಯುತ್ತಿದ್ದರು. ಊರು, ಮನೆಯವರ ಹೆಸರು, ಕಸುಬು, ಇವುಗಳಲ್ಲಿ ಕನಿಷ್ಠ ಎರಡು ಬೇರೆಬೇರೆ ದಾಖಲೆಗಳಲ್ಲಿ ತಾಳೆಯಾಗುವ ತನಕ ಪೆನ್ಸಿಲ್‌ನಲ್ಲೇ ಬರೆದಿಡಿ.