ಕೈತೋಟದಲ್ಲಿ ಸಿಹಿ ಮೆಕ್ಕೆಜೋಳ: ಸಾಲಿಗಿಂತ ಚೌಕವೇ ಲೇಸು

ಸಿಹಿ ಮೆಕ್ಕೆಜೋಳವನ್ನು ಮನೆಯಲ್ಲಿ ಬೆಳೆದವರ ದೂರು ಸಾಮಾನ್ಯವಾಗಿ ಒಂದೇ ಬಗೆಯದು: ಗಿಡ ಆಳೆತ್ತರ ಬೆಳೆಯಿತು, ತೆನೆಯೂ ಬಂತು, ಆದರೆ ಸಿಪ್ಪೆ ಸುಲಿದು ನೋಡಿದರೆ ಬೊಚ್ಚು ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಕಾಳು. ಗೊಬ್ಬರ ಸಾಲಲಿಲ್ಲವೆಂದೋ ಬೀಜವೇ ಕಳಪೆಯೆಂದೋ ಭಾವಿಸುವವರು ಹೆಚ್ಚು. ಬಹುತೇಕ ತೋಟಗಳಲ್ಲಿ ಆಗಿರುವುದು ಬೇರೆಯೇ. ಜಾಗ ಉಳಿಸಲೆಂದು ಕಾಂಪೌಂಡ್ ಗೋಡೆಯ ಉದ್ದಕ್ಕೂ ಒಂದೇ ಸಾಲಿನಲ್ಲಿ ಬೀಜ ಊರಿರುತ್ತಾರೆ. ಹೂ ಬಿಡುವ ವಾರದಲ್ಲಿ ಪರಾಗವೆಲ್ಲ ಪಕ್ಕದ ಮನೆಯ ಅಂಗಳದ ಪಾಲಾಗಿರುತ್ತದೆ. ಆದ್ದರಿಂದ ಈ ಬೆಳೆಯಲ್ಲಿ ಗೊಬ್ಬರ, ನೀರು, ಔಷಧಗಳ ವಿಚಾರಕ್ಕೆ ಹೋಗುವ ಮೊದಲು ಗಿಡಗಳನ್ನು ಹೇಗೆ ಜೋಡಿಸಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಜಾಗ ಮತ್ತು ಜೋಡಣೆ

ಮೆಕ್ಕೆಜೋಳದ ಒಂದೇ ಗಿಡದಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆ ಕಡೆ ಬಿಡುತ್ತವೆ. ತುದಿಯಲ್ಲಿ ಕವಲೊಡೆದು ನಿಲ್ಲುವ ಸೂಲಂಗಿ ಗಂಡು ಹೂಗಳ ಗೊಂಚಲು. ಗಿಡದ ನಡುಭಾಗದಲ್ಲಿ ಎಲೆಯ ಬುಡದಿಂದ ಮೂಡುವ ತೆನೆ ಹೆಣ್ಣು. ತೆನೆಯ ತುದಿಯಿಂದ ಇಳಿಬೀಳುವ ರೇಷ್ಮೆಯಂತಹ ಎಳೆಗಳಲ್ಲಿ ಒಂದೊಂದೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು, ಆ ಎಳೆಯ ಮೇಲೆ ಪರಾಗದ ಕಣ ಬಿದ್ದರೆ ಮಾತ್ರ ಆ ಕಾಳು ಕಟ್ಟುತ್ತದೆ. ಪರಾಗವನ್ನು ಹೊತ್ತು ತರುವುದು ಗಾಳಿ. ಒಂಟಿ ಸಾಲಿಗೆ ಅಡ್ಡಲಾಗಿ ಗಾಳಿ ಬೀಸಿದರೆ ಪರಾಗ ಬರಿ ನೆಲಕ್ಕೆ ಬೀಳುತ್ತದೆ. ಚೌಕವಾದ ಮಡಿಯಲ್ಲಾದರೆ ಗಾಳಿ ಯಾವ ದಿಕ್ಕಿನಿಂದ ಬಂದರೂ ಒಂದು ಗಿಡದ ಪರಾಗ ಇನ್ನೊಂದರ ತೆನೆಯ ಮೇಲೆ ಬೀಳುತ್ತದೆ.

ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ ಅಂತರವಿಟ್ಟರೆ 8 ಅಡಿ ಉದ್ದ, 6 ಅಡಿ ಅಗಲದ ಮಡಿಯಲ್ಲಿ ನಾಲ್ಕು ಸಾಲು, ಸಾಲಿಗೆ ಆರರಂತೆ 24 ಗಿಡಗಳು ಹಿಡಿಸುತ್ತವೆ. ಅಷ್ಟು ಜಾಗವಿಲ್ಲದವರು ನಾಲ್ಕು ಸಾಲಿಗೆ ನಾಲ್ಕರಂತೆ 16 ಗಿಡಗಳನ್ನಾದರೂ ಹಾಕಬೇಕು. ಅದಕ್ಕಿಂತ ಕಡಿಮೆಯಾದರೆ ಆ ಜಾಗಕ್ಕೆ ಬೆಂಡೆಯೋ ಬದನೆಯೋ ಹೆಚ್ಚು ಒಪ್ಪುತ್ತದೆ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಕಡೆ ಮಡಿ ಇರಲಿ. ಗಿಡ ಎತ್ತರವಾಗಿ ಬೆಳೆದು ನೆರಳು ಮಾಡುವುದರಿಂದ ತೋಟದ ಉತ್ತರದ ಅಂಚಿನಲ್ಲಿ ಹಾಕಿದರೆ ಉಳಿದ ತರಕಾರಿಗೆ ತೊಂದರೆಯಾಗದು. ತಾರಸಿಯಲ್ಲಿ ಬೆಳೆಯುವವರು ಒಂದೂಕಾಲು ಅಡಿಯಾದರೂ ಆಳವಿರುವ ಗ್ರೋ ಬ್ಯಾಗುಗಳಲ್ಲಿ ಎರಡೆರಡು ಗಿಡ ಬೆಳೆಸಿ, ಚೀಲಗಳನ್ನೆಲ್ಲ ಒತ್ತಟ್ಟಿಗೆ ಸೇರಿಸಿ ಇಡಬೇಕು.

ಇನ್ನೊಂದು ಎಚ್ಚರಿಕೆ ದಾವಣಗೆರೆ, ಹಾವೇರಿ, ಶಿವಮೊಗ್ಗ ಜಿಲ್ಲೆಗಳಂತಹ ಮೆಕ್ಕೆಜೋಳದ ಸೀಮೆಯ ಓದುಗರಿಗೆ. ಕುಂಬಳ, ಸೌತೆಗಳಲ್ಲಿ ಬೇರೆ ತಳಿಯ ಪರಾಗ ಬಿದ್ದರೆ ಅದರ ಪರಿಣಾಮ ಮುಂದಿನ ಪೀಳಿಗೆಯಲ್ಲಿ ಮಾತ್ರ ಕಾಣುತ್ತದೆ. ಮೆಕ್ಕೆಜೋಳದಲ್ಲಿ ಹಾಗಲ್ಲ: ಹೊಲದ ಸಾಮಾನ್ಯ ಮೆಕ್ಕೆಜೋಳದ ಪರಾಗ ಸಿಹಿಜೋಳದ ಎಳೆಯ ಮೇಲೆ ಬಿದ್ದರೆ ಅದೇ ತೆನೆಯ ಅದೇ ಕಾಳು ಸಿಹಿಯನ್ನು ಕಳೆದುಕೊಂಡು ಹಿಟ್ಟುಹಿಟ್ಟಾಗುತ್ತದೆ. ಹತ್ತಿರದಲ್ಲಿ ಅಂತಹ ಹೊಲವಿದ್ದರೆ ಎರಡೂ ಒಟ್ಟಿಗೆ ಹೂ ಬಿಡದಂತೆ ಬಿತ್ತನೆಯನ್ನು ಮೂರರಿಂದ ನಾಲ್ಕು ವಾರ ಹಿಂದುಮುಂದು ಮಾಡುವುದೊಂದೇ ಮನೆಯವರ ಕೈಲಾಗುವ ಉಪಾಯ.

ಬೀಜ ಮತ್ತು ಬಿತ್ತನೆ

ಅಂಗಡಿಗಳಲ್ಲಿ ಈಗ ಸಿಗುವ ಬೀಜ ಬಹುಪಾಲು ಸಂಕರಣ ತಳಿಯದು. ಹೈದರಾಬಾದಿನಲ್ಲಿ ಅಭಿವೃದ್ಧಿಪಡಿಸಿದ ಮಾಧುರಿ, ಪ್ರಿಯಾ ಎಂಬ ತಳಿಗಳು ಸಂಕರಣವಲ್ಲವಾದ್ದರಿಂದ ಅವುಗಳ ಬೀಜವನ್ನು ಉಳಿಸಿಕೊಂಡು ಮತ್ತೆ ಬಿತ್ತಬಹುದು. ಸಂಕರಣ ತಳಿಗಳ ಬೀಜವನ್ನು ಹಾಗೆ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಪೊಟ್ಟಣ ಬಿಚ್ಚಿದಾಗ ಕಾಳುಗಳು ಸುಕ್ಕುಗಟ್ಟಿ ಹಗುರವಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಸಕ್ಕರೆ ಹಿಟ್ಟಾಗಿ ಮಾರ್ಪಡದೆ ಉಳಿಯುವುದೇ ಸಿಹಿಜೋಳದ ಗುಣವಾದ್ದರಿಂದ ಒಣಗಿದ ಬೀಜದಲ್ಲಿ ತುಂಬಿಕೊಳ್ಳಲು ಹಿಟ್ಟು ಸಾಕಷ್ಟು ಇರುವುದಿಲ್ಲ. ಇದೇ ಕಾರಣಕ್ಕೆ ಮೊಳಕೆಯ ಶಕ್ತಿಯೂ ಕಡಿಮೆ. ತಣ್ಣಗಿನ, ನೀರು ನಿಂತ ಮಣ್ಣಿನಲ್ಲಿ ಬೀಜ ಬೇಗ ಕೊಳೆಯುತ್ತದೆ. ಗುಲಾಬಿ ಇಲ್ಲವೇ ಹಸಿರು ಬಣ್ಣ ಹಚ್ಚಿದ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅದನ್ನು ನೆನೆಹಾಕಬಾರದು, ಮಕ್ಕಳ ಕೈಗೆ ಕೊಡಬಾರದು, ಊರಿದ ಮೇಲೆ ಕೈ ತೊಳೆಯಬೇಕು.

ನೀರಿನ ಅನುಕೂಲವಿದ್ದರೆ ಬಯಲುಸೀಮೆಯಲ್ಲಿ ವರ್ಷದ ಬಹುಪಾಲು ತಿಂಗಳುಗಳಲ್ಲಿ ಬಿತ್ತಬಹುದಾದರೂ ಮೃಗಶಿರಾ ಮಳೆಯಿಂದ ಪುನರ್ವಸುವಿನವರೆಗಿನ ಜೂನ್–ಜುಲೈ ಅವಧಿ ಅನುಕೂಲಕರ. ಬೇಸಿಗೆ ಬೆಳೆಗೆ ಜನವರಿ ಸರಿ. ಫೆಬ್ರುವರಿ ಕೊನೆಗೆ ಬಿತ್ತಿದರೆ ಹೂ ಬಿಡುವ ಹೊತ್ತಿಗೆ ಏಪ್ರಿಲ್ ತಿಂಗಳ ಬಿಸಿಲಿಗೆ ಪರಾಗ ಸಾಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆಯ ಅಬ್ಬರ ಇಳಿದ ಮೇಲೆ ಬಿತ್ತುವುದೇ ಕ್ಷೇಮ.

ಬಿತ್ತನೆಗೆ ಎರಡು ವಾರ ಮೊದಲು ಮಡಿಯನ್ನು ಒಂದು ಗುದ್ದಲಿ ಆಳಕ್ಕೆ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ನಾಲ್ಕೈದು ಮಂಕರಿಯಷ್ಟು ಬೆರೆಸಿ, ಹಿಡಿಯಷ್ಟು ಬೇವಿನ ಹಿಂಡಿಯನ್ನು ಸಾಲುಗಳಲ್ಲಿ ಉದುರಿಸಿ ನೀರು ಹಾಯಿಸಿಡಬೇಕು. ಆಮೇಲೆ ಗುರುತು ಮಾಡಿದ ಪ್ರತಿ ಜಾಗದಲ್ಲಿ ಒಂದು ಅಂಗುಲ ಆಳಕ್ಕೆ ಎರಡೆರಡು ಬೀಜ ಊರಬೇಕು. ಇನ್ನೂ ಆಳಕ್ಕೆ ಹಾಕಿದರೆ ನಿಶ್ಶಕ್ತ ಮೊಳಕೆ ಮೇಲೆ ಬರುವುದಿಲ್ಲ. ಐದರಿಂದ ಏಳು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಗಿಡ ಗೇಣುದ್ದವಾದಾಗ ಎರಡರಲ್ಲಿ ಬಡಕಲಾದುದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ಒಂದನ್ನು ಉಳಿಸಿ. ಕಿತ್ತರೆ ಪಕ್ಕದ ಗಿಡದ ಬೇರು ಅಲುಗುತ್ತದೆ. ಬುಡದಲ್ಲಿ ಆಮೇಲೆ ಹುಟ್ಟುವ ಮರಿಕವಲುಗಳನ್ನು ಮುರಿಯುವ ರೂಢಿ ಕೆಲವೆಡೆ ಇದೆ, ಆದರೆ ಅದರಿಂದ ತೆನೆ ದಪ್ಪವಾಗುವುದಿಲ್ಲ, ಬಿಟ್ಟರೂ ನಷ್ಟವಿಲ್ಲ.

ಮೇಲುಗೊಬ್ಬರ ಮತ್ತು ನೀರು

ಮೆಕ್ಕೆಜೋಳಕ್ಕೆ ಸಾರಜನಕದ ಹಸಿವು ಬಹಳ. ಕೆಳಗಿನ ಎಲೆಗಳು ತುದಿಯಿಂದ ಆರಂಭಿಸಿ ನಡುನರದ ಗುಂಟ ಹಳದಿಯಾಗುತ್ತ ಬಂದರೆ ಗಿಡ ಅದನ್ನೇ ಕೇಳುತ್ತಿದೆ ಎಂದರ್ಥ. ಗಿಡ ಮೊಳಕಾಲೆತ್ತರ ಬಂದಾಗ ಒಮ್ಮೆ, ಸೂಲಂಗಿ ಹೊರಡುವ ಮುಂಚೆ ಇನ್ನೊಮ್ಮೆ ಮೇಲುಗೊಬ್ಬರ ಕೊಡಬೇಕು. ರಾಸಾಯನಿಕ ಬಳಸುವವರು ಪ್ರತಿ ಗಿಡಕ್ಕೆ ಒಂದು ಸಲಕ್ಕೆ ಅರ್ಧ ಟೀ ಚಮಚ ಯೂರಿಯಾವನ್ನು ಕಾಂಡದಿಂದ ನಾಲ್ಕು ಬೆರಳು ದೂರದಲ್ಲಿ ಹಾಕಿ, ಮಣ್ಣು ಮುಚ್ಚಿ, ಕೂಡಲೇ ನೀರು ಕೊಡಲಿ. ಸಾವಯವದವರಿಗೆ ಗಿಡಕ್ಕೆರಡು ಹಿಡಿ ಎರೆಹುಳು ಗೊಬ್ಬರವೂ ಹತ್ತು ಹದಿನೈದು ದಿನಗಳಿಗೊಮ್ಮೆ ಜೀವಾಮೃತವೂ (ಸಗಣಿ, ಗಂಜಲ, ಬೆಲ್ಲ ಮುಂತಾದವನ್ನು ಕೊಳೆಸಿ ಮಾಡುವ ದ್ರವಗೊಬ್ಬರ) ಸಾಕು, ಮಡಿಗೆ ಮೊದಲು ಬಿದ್ದ ಕೊಟ್ಟಿಗೆ ಗೊಬ್ಬರ ಧಾರಾಳವಾಗಿದ್ದರೆ.

ಮೊದಲ ಮೇಲುಗೊಬ್ಬರದ ದಿನವೇ ಕಳೆ ತೆಗೆದು, ಸಾಲಿನ ನಡುವಿನ ಮಣ್ಣನ್ನು ಎಳೆದು ಬುಡಕ್ಕೆ ಅರ್ಧ ಅಡಿ ಏರಿಸಬೇಕು. ಕಾಂಡದ ಕೆಳಗಿನ ಗಿಣ್ಣುಗಳಿಂದ ಹೊರಡುವ ದಪ್ಪ ಆಸರೆಬೇರುಗಳು ಈ ಮಣ್ಣಿನೊಳಗೆ ಇಳಿದರೆ ಆಷಾಢದ ಗಾಳಿಗೆ ಗಿಡ ಮಲಗುವುದಿಲ್ಲ. ಇನ್ನು ನೀರು: ಎಳೆಯ ಗಿಡ ನಾಲ್ಕು ದಿನ ಬಾಡಿದರೂ ಚೇತರಿಸಿಕೊಳ್ಳುತ್ತದೆ, ಆದರೆ ಸೂಲಂಗಿ ಬಂದಾಗಿನಿಂದ ಕಾಳು ಹಾಲುಗಟ್ಟುವವರೆಗೆ ಮಣ್ಣು ಒಣಗಲೇಬಾರದು.

ಹೂ ಬಿಡುವ ವಾರ

ಬಿತ್ತಿದ ಐವತ್ತು ದಿನಗಳ ಆಸುಪಾಸಿನಲ್ಲಿ ಸೂಲಂಗಿ ಅರಳುತ್ತದೆ, ಎರಡು ಮೂರು ದಿನಗಳಲ್ಲಿ ತೆನೆಯ ತುದಿಯಿಂದ ತಿಳಿಹಸಿರು ಎಳೆಗಳು ಇಣುಕುತ್ತವೆ. ತೆನೆಯ ಬುಡದ ಕಾಳುಗಳಿಗೆ ಸೇರಿದ ಎಳೆಗಳು ಮೊದಲು ಹೊರಬರುತ್ತವೆ, ತುದಿಯ ಕಾಳುಗಳದ್ದು ಎಲ್ಲಕ್ಕಿಂತ ಕೊನೆಗೆ. ಹೀಗೆ ತಡವಾಗಿ ಬಂದ ಎಳೆಗಳಿಗೆ ಪರಾಗ ಉಳಿದಿರುವುದಿಲ್ಲವಾದ್ದರಿಂದ, ಅಥವಾ ನೀರಿನ ಕೊರತೆಯಿಂದ ಅವು ಇನ್ನೂ ತಡವಾಗುವುದರಿಂದ, ತೆನೆಯ ತುದಿ ಬೋಳಾಗುತ್ತದೆ.

ದೊಡ್ಡ ಹೊಲದಲ್ಲಿ ಇದನ್ನು ಗಾಳಿಗೆ ಬಿಟ್ಟುಬಿಡಬಹುದು. ಹದಿನಾರು ಇಪ್ಪತ್ತು ಗಿಡಗಳ ಮಡಿಯಲ್ಲಿ, ಅದೂ ಸುತ್ತ ಗೋಡೆಗಳಿರುವ ಪೇಟೆಯ ಹಿತ್ತಿಲಿನಲ್ಲಿ, ಕೈಯಾರೆ ಪರಾಗ ಉದುರಿಸುವುದನ್ನು ಐಚ್ಛಿಕವೆಂದು ನಾನು ಹೇಳಲಾರೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತರಿಂದ ಹನ್ನೊಂದರ ಒಳಗೆ, ಸೂಲಂಗಿಯ ಕವಲುಗಳಲ್ಲಿ ಸಣ್ಣ ಹಳದಿ ಕೇಸರಗಳು ಜೋತಾಡುತ್ತಿರುವಾಗ ಅದನ್ನು ಮೆಲ್ಲಗೆ ಬಾಗಿಸಿ, ಕೆಳಗೆ ಒಣಗಿದ ಸ್ಟೀಲ್ ತಟ್ಟೆಯನ್ನೋ ಕಾಗದದ ಪೊಟ್ಟಣವನ್ನೋ ಹಿಡಿದು ಬೆರಳಿನಿಂದ ತಟ್ಟಬೇಕು. ತಟ್ಟೆಯಲ್ಲಿ ಬಿದ್ದ ಒಣ ಕೇಸರಗಳನ್ನು ಊದಿ ಬದಿಗೆ ಸರಿಸಿದರೆ ಅರಿಶಿನದ ಹುಡಿಯಂಥ ನಯವಾದ ಪುಡಿ ಉಳಿಯುತ್ತದೆ. ಕೆಲಸಕ್ಕೆ ಬರುವುದು ಅದೇ. ಒಂದೆರಡು ಗಿಡಗಳದ್ದನ್ನು ಕಲೆಹಾಕಿ, ಆ ಕ್ಷಣವೇ ಪ್ರತಿ ತೆನೆಯ ಎಳೆಗಳ ಮೇಲೆ ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಬಿಸಿಲೇರಿದರೆ ಪರಾಗ ಕೆಲವೇ ಗಂಟೆಗಳಲ್ಲಿ ಸತ್ತುಹೋಗುವುದರಿಂದ ನಾಳೆಗೆಂದು ತೆಗೆದಿಡುವಂತಿಲ್ಲ. ತುದಿಯ ಎಳೆಗಳೂ ಬಂದು ಮುಗಿಯುವವರೆಗೆ ನಾಲ್ಕೈದು ದಿನ ಇದನ್ನು ಪುನರಾವರ್ತಿಸಿ. ಪರಾಗ ತಗುಲಿದ ಎಳೆಗಳು ಕ್ರಮೇಣ ಬಾಡಿ ಕಂದುತ್ತವೆ. ದಿನ ಕಳೆದರೂ ಹಸಿಯಾಗಿ ಉದ್ದ ಬೆಳೆಯುತ್ತಲೇ ಹೋಗುವ ಎಳೆ ಇನ್ನೂ ಪರಾಗಕ್ಕಾಗಿ ಕಾಯುತ್ತಿದೆಯೆಂದು ತಿಳಿಯಬೇಕು.

ಸುಳಿಯ ಹುಳು, ಕೊಂಬೆಯ ಅಳಿಲು

2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಬಾರಿಗೆ, ಅದೂ ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಪತ್ತೆಯಾದ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಈಗ ಕೈತೋಟಗಳನ್ನೂ ಬಿಟ್ಟಿಲ್ಲ. ಎಲೆಯ ಮೇಲೆ ಹಸಿರು ಕೆರೆದು ಪಾರದರ್ಶಕವಾದ ಗೀರುಗಳು, ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂತಹ ಹಿಕ್ಕೆ ಕಂಡರೆ ಹುಳು ಒಳಗಿದೆ. ಪೊರಕೆ ಕಡ್ಡಿಯಿಂದ ಸುಳಿ ಬಿಡಿಸಿ ಹೊರಗೆಳೆದು ನೋಡಿದರೆ ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆಗಳು ಕಾಣುತ್ತವೆ. ಇಪ್ಪತ್ತು ಗಿಡಗಳಿಗೆ ಕೀಟನಾಶಕ ಸಿಂಪಡಿಸುವ ಅಗತ್ಯವಿಲ್ಲ. ಮೊದಲ ತಿಂಗಳು ದಿನವೂ ಸುಳಿ ನೋಡಿ, ಎಲೆಗಂಟಿದ ಮೊಟ್ಟೆಯ ಗುಂಪುಗಳನ್ನು ಹೊಸಕಿ, ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಗೆ ಚಿಟಿಕೆಯಷ್ಟು ಹಾಕಿದರೆ ಹತೋಟಿಗೆ ಬರುತ್ತದೆ. ಬೇವಿನೆಣ್ಣೆಯ ಸಿಂಪಡಣೆ ಎಳೆಯ ಮರಿಗಳಿಗೆ ಮಾತ್ರ ಪರಿಣಾಮಕಾರಿ.

ಅಳಿಲು, ಗಿಳಿ, ಮಂಗಗಳಿಗೆ ತೆನೆ ಹಾಲುಗಟ್ಟಿದ್ದು ನಮಗಿಂತ ಮೊದಲೇ ತಿಳಿಯುತ್ತದೆ. ಎಳೆಗಳು ಕಂದಿದ ಕೂಡಲೇ ಪ್ರತಿ ತೆನೆಗೂ ಹಳೆಯ ಬಟ್ಟೆಯ ಚೀಲವನ್ನೋ ಕಾಗದದ ಚೀಲವನ್ನೋ ತೊಡಿಸಿ ಬುಡದಲ್ಲಿ ದಾರ ಕಟ್ಟಬಹುದು. ಅದಕ್ಕೂ ಮೊದಲು ತೊಡಿಸಿದರೆ ಪರಾಗ ಬೀಳುವುದಿಲ್ಲ. ಮಂಗಗಳ ಕಾಟವಿರುವ ಊರಿನಲ್ಲಿ ಮಾತ್ರ ಇದಾವುದೂ ನಡೆಯದು.

ಕೊಯ್ಲು

ಎಳೆಗಳು ಹೊರಬಂದ 18ರಿಂದ 22 ದಿನಗಳಿಗೆ ತೆನೆ ಕೊಯ್ಲಿಗೆ ಬರುತ್ತದೆ. ಚಳಿಯಿದ್ದರೆ ಇನ್ನೂ ಕೆಲವು ದಿನ. ಎಳೆಗಳು ಒಣಗಿ ಕಂದಾಗಿ, ಸಿಪ್ಪೆ ಇನ್ನೂ ಹಸಿರಾಗಿದ್ದು, ತುದಿಯನ್ನು ಹಿಚುಕಿದರೆ ಚೂಪಾಗಿರದೆ ದುಂಡಗೆ ತುಂಬಿದಂತೆ ತಗುಲಬೇಕು. ಸಂದೇಹವಿದ್ದರೆ ಸಿಪ್ಪೆಯನ್ನು ಎರಡು ಅಂಗುಲ ಸರಿಸಿ ಒಂದು ಕಾಳಿಗೆ ಉಗುರು ಚುಚ್ಚಿ ನೋಡಿ. ನೀರಿನಂತಹ ರಸ ಬಂದರೆ ಎರಡು ದಿನ ಕಾಯಬೇಕು, ಹಾಲಿನಂತೆ ಚಿಮ್ಮಿದರೆ ಅಂದೇ ಕೊಯ್ಯಬೇಕು, ಹಿಟ್ಟಿನ ಮುದ್ದೆಯಂತಿದ್ದರೆ ಸಮಯ ಮೀರಿದೆ. ಅದನ್ನು ರುಬ್ಬಿ ವಡೆಗೋ ರೊಟ್ಟಿಗೋ ಬಳಸಬಹುದು. ತೆನೆಯನ್ನು ಕೆಳಕ್ಕೆ ಬಾಗಿಸಿ ತಿರುಚಿದರೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಗಿಡಕ್ಕೊಂದು ಒಳ್ಳೆಯ ತೆನೆಯೆಂದು ಲೆಕ್ಕ ಹಾಕಿ, ಎರಡನೆಯದು ಬಂದರೂ ಚಿಕ್ಕದು.

ಕೊಯ್ದ ಗಳಿಗೆಯಿಂದಲೇ ಕಾಳಿನ ಸಕ್ಕರೆ ಕರಗುತ್ತ ಹೋಗುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ಹೀಗಾಗಿ ಬೆಳಗಿನ ತಂಪಿನಲ್ಲಿ ಕೊಯ್ದು ಆ ದಿನವೇ ಬೇಯಿಸುವುದು ಉತ್ತಮ. ಇಡಬೇಕಾದರೆ ಸಿಪ್ಪೆಸಹಿತ ಫ್ರಿಜ್ಜಿನಲ್ಲಿಡಿ. ಕುದಿಯುವ ನೀರಿಗೆ ಹಾಕಿದ ಮೇಲೆ ನಾಲ್ಕೈದು ನಿಮಿಷ ಸಾಕು. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸುವ ಅಭ್ಯಾಸ ಗಟ್ಟಿ ಕಾಳಿನ ನಾಟಿ ಜೋಳಕ್ಕೆ ಸರಿ, ಇದಕ್ಕಲ್ಲ.

ಮಡಿಯ ತೆನೆಗಳೆಲ್ಲ ಒಂದೇ ವಾರದಲ್ಲಿ ಬಲಿಯುವುದರಿಂದ, ಜಾಗವಿರುವವರು ಮೂರು ವಾರಗಳ ಅಂತರದಲ್ಲಿ ಇನ್ನೊಂದು ಚೌಕ ಬಿತ್ತಿಕೊಳ್ಳಬಹುದು. ತೆನೆ ಮುಗಿದ ದಂಟು ಹಸಿರಾಗಿರುವಾಗಲೇ ದನಕ್ಕೆ ಒಳ್ಳೆಯ ಮೇವು, ದನವಿಲ್ಲದ ಮನೆಯಲ್ಲಿ ತುಂಡರಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಅದೇ ಮಡಿಗೆ ಕೂಡಲೇ ಮತ್ತೆ ಜೋಳ ಹಾಕದೆ ಅಲಸಂದೆಯನ್ನೋ ಹುರುಳಿಕಾಯಿಯನ್ನೋ ಒಂದು ಬೆಳೆ ತೆಗೆದರೆ ಮಣ್ಣು ಕಳೆದುಕೊಂಡ ಸಾರಜನಕದಲ್ಲಿ ಒಂದಷ್ಟು ಹಿಂದಿರುಗುತ್ತದೆ.