ಹಿತ್ತಲದಾಗ ಮೀನು, ಅದ ನೀರಾಗ ಪುದೀನಾ

ಕೊಪ್ಪಳದಾಗ ನಮ್ಮ ಮನಿ ಹಿತ್ತಲದಾಗ ಅಕ್ವಾಪೋನಿಕ್ಸ್, ಅಂದ್ರ ಮೀನು ಸಾಕಿದ ನೀರಾಗ ಮಣ್ಣಿಲ್ಲದಂಗ ಗಿಡ ಬೆಳೆಯೋದು, ಮಾಡಿ ಎರಡು ವರ್ಷ ಆತು. ಹಳೇ 500 ಲೀಟರ್ ಟ್ಯಾಂಕಿನಾಗ ಮೀನು, ಬಾಜೂಕ ಉದ್ದಕ ಕೊಯ್ದ ನೀಲಿ ಡ್ರಮ್, ಅದರ ತುಂಬ ಖಡಿ, ಖಡಿಯಾಗ ಗಿಡ, ಸಣ್ಣ ಪಂಪ್ ನೀರು ಮ್ಯಾಲೆ ಒಯ್ತೈತಿ, ಅದ ನೀರು ಸೋಸಿ ಮತ್ತ ಟ್ಯಾಂಕಿಗೆ ಬೀಳ್ತೈತಿ, ಇಷ್ಟ. ಟ್ಯಾಂಕ್ ಮನ್ಯಾಗ ಇತ್ತು, ಉಳಿದಿದ್ದೆಲ್ಲಾ ಸೇರಿ 6,000 ರೂಪಾಯಿ ಒಳಗ ಮುಗೀತು. ಮಾಳಿಗಿ ಮ್ಯಾಲೆ ಇಡೋ ವಿಚಾರ ಇತ್ತು, 500 ಲೀಟರ್ ನೀರಂದ್ರ ಅರ್ಧ ಟನ್ ತೂಕ, ಹಳೇ ಮನಿ, ಬ್ಯಾಡ ಅಂತ ಬಿಟ್ಟೆ.

ಡ್ರಮ್ ತಗೊಳ್ಳಾಗ ಮಾತ್ರ ಬರೇ ರೇಟ್ ನೋಡಬ್ಯಾಡ್ರಿ. ನಮ್ಮ ಕಡೆ ಭತ್ತಕ್ಕ ಹೊಡಿಯೋ ಕೀಟನಾಶಕದ ಎಣ್ಣಿ ತುಂಬಿದ್ದ ಡ್ರಮ್ಮೂ ಮಾರಾಕ ಬರ್ತಾವು, ಎಷ್ಟು ತೊಳೆದ್ರೂ ಮೀನು ಉಳಿಯಂಗಿಲ್ಲ, ತಿನ್ನೋ ಸೊಪ್ಪೂ ಅದರಾಗ ಬೆಳೀಬೇಕಲ್ರಿ. ನಾನು ಶರಬತ್ತಿನ ಡ್ರಮ್ ಹುಡುಕಿ ತಂದೆ.

ಮೊದಲನೇ ಸಲ ನೀರು ತುಂಬಿದ ಮರುದಿನಾನ 40 ಗೆಂಡೆ ಮರಿ ಬಿಟ್ಟೆ. ಐದನೇ ದಿನ ಮುಂಜಾನೆ ನೋಡಿದ್ರ ಎಲ್ಲಾ ಮ್ಯಾಲೆ ಬಂದು ಬಾಯಿ ತೆಕ್ಕೊಂಡು ಒದ್ದಾಡಾಕತ್ತಿದ್ವು, ಸಂಜೀಕ ಒಂದೂ ಉಳೀಲಿಲ್ಲ. ಅವತ್ತು ನನಗ ಊಟ ಸೇರಲಿಲ್ಲ. ಆಮ್ಯಾಲೆ ಓದಿ ತಿಳಕೊಂಡಿದ್ದೇನಂದ್ರ, ಮೀನಿನ ಹೊಲಸಿನಿಂದ ಅಮೋನಿಯಾ ಆಗ್ತೈತಿ, ಅದನ್ನ ಒಂದು ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡ್ತೈತಿ, ಇನ್ನೊಂದು ಜಾತಿ ನೈಟ್ರೇಟ್ ಮಾಡ್ತೈತಿ, ಅದ ಗಿಡಕ್ಕ ಗೊಬ್ಬರ, ಆದ್ರ ಈ ಬ್ಯಾಕ್ಟೀರಿಯಾ ಖಡಿ ಮ್ಯಾಲೆ ಕೂಡಾಕ ನಾಕ್ರಿಂದ ಆರು ವಾರ ಬೇಕು. ಮ್ಯಾಲೆ ನಮ್ಮ ಬೋರಿನ ನೀರಿನ ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತಿ, 7 ಅಂದ್ರ ನಡುವ) 8 ದಾಟಿತ್ತು, ಪಿಎಚ್ ಏರಿದಂಗ, ನೀರು ಬಿಸಿ ಆದಂಗ ಅಮೋನಿಯಾದ ವಿಷ ಜಾಸ್ತಿ ಆಗ್ತೈತಿ.

ಎರಡನೇ ಸಲ ಮೀನು ಬಿಡದಂಗ ಬರೇ ಪಂಪ್ ಓಡಿಸಿದೆ. ದಿನಾ ಒಂದು ಚಿಟಿಕಿ ಮೀನಿನ ಫೀಡ್ ಹಾಕಿ ಕೊಳಿಯಾಕ ಬಿಟ್ಟೆ, ಗೆಳೆಯನ ಅಕ್ವೇರಿಯಂ ಫಿಲ್ಟರಿನ ಸ್ಪಂಜ್ ತಂದು ಅದರಾಗಿನ ಬ್ಯಾಕ್ಟೀರಿಯಾ ಬರ್ಲಿ ಅಂತ ಅದರ ಕಂದು ನೀರು ಖಡಿ ಮ್ಯಾಲೆ ಹಿಂಡಿದೆ. ಖಡಿ ಸುದ್ದಾ ಬದಲಿ ಮಾಡಿದೆ, ಯಾಕಂದ್ರ ವಿನೆಗರ್ ಹನಿಸಿದ್ರ ಬಿಳಿ ಹಳ್ಳೆಲ್ಲಾ ನೊರಿ ಎದ್ದವು, ಅಂದ್ರ ಸುಣ್ಣ, ಅದು ಇದ್ರ ಪಿಎಚ್ ಇಳಿಯಂಗಿಲ್ಲ. ಕರಿ ಖಡಿ ತಂದು, ಮಾಳಿಗಿ ಮಳಿನೀರು ಬೆರೆಸಿದೆ. ಟೆಸ್ಟ್ ಕಿಟ್ಟಿನಾಗ ಅಮೋನಿಯಾ ಏರಿ ಇಳೀತು, ಹಿಂದ ನೈಟ್ರೈಟ್ ಏರಿ ಇಳೀತು, 38ನೇ ದಿನ ಎರಡೂ ಸೊನ್ನಿ. ಆಗ 15 ಮರಿ ಬಿಟ್ಟೆ, ಎಲ್ಲಾ ಬದುಕಿದ್ವು.

ಬ್ಯಾಸಿಗ್ಯಾಗ ಇಲ್ಲಿ 40 ಡಿಗ್ರಿ, ಬಿಸಿನೀರಾಗ ಆಕ್ಸಿಜನ್ ಹೆಚ್ಚು ನಿಲ್ಲಂಗಿಲ್ಲ. ಶೇಡ್ ನೆಟ್ ಕಟ್ಟಿ, ಟ್ಯಾಂಕಿಗೆ ಹಸಿ ಗೋಣಿಚೀಲ ಸುತ್ತೀನಿ, ಏರ್ ಪಂಪ್ ಇನ್ವರ್ಟರಿಗೆ ಕೊಟ್ಟೀನಿ, ಕರೆಂಟ್ ಹೋದ್ರೂ ಅದು ನಿಲ್ಲಬಾರದು. ಪಾಲಕ್ ಎಲಿ ನರ ಹಸಿರಿದ್ದು ನಡುವ ಹಳದಿ ಆದ್ರ ಕಬ್ಬಿಣ ಕಡಿಮಿ, ಚಿಲೇಟೆಡ್ ಐರನ್ (ಗಿಡ ಸುಲಭ ಹೀರಿಕೊಳ್ಳೋ ಕಬ್ಬಿಣದ ಪುಡಿ) ಸ್ವಲ್ಪ ಹಾಕ್ತೀನಿ. ಪುದೀನಾಕ್ಕ ಮಾತ್ರ ಏನೂ ಬೇಕಾಗಿಲ್ಲ, ಅವ್ವ ವಾರಕ್ಕ ಎರಡು ಸಲ ಕೊಯ್ದು ಓಣಿ ಮಂದಿಗೆಲ್ಲಾ ಕೊಡ್ತಾಳ.